ಬಾಡಿಗೆ ದೊಡ್ಡಪ್ಪ

ರೀಲಣ್ಣನಿಗೆ ಆ ಹೆಸರು ಬರಲು ಎರಡು ಕಾರಣಗಳಿದ್ದವು. ಮೊದಲನೆಯದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಎರಡನೆಯದನ್ನು ಅವನಿಲ್ಲದಾಗ ಎಲ್ಲರೂ ಹೇಳುತ್ತಿದ್ದರು.

ಊರಿನ ಎರಡು ಟಾಕೀಸುಗಳಲ್ಲಿ ಒಂದೇ ಸಿನಿಮಾದ ಒಂದೇ ಪ್ರಿಂಟು ಓಡುತ್ತಿದ್ದ ಕಾಲದಲ್ಲಿ, ಇಲ್ಲಿ ಮುಗಿದ ರೀಲಿನ ಡಬ್ಬಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಅಲ್ಲಿಗೆ ಮುಟ್ಟಿಸುವುದು ಅವನ ಕೆಲಸವಾಗಿತ್ತು. ಅವನ ಸೈಕಲ್ ಟೈರಿನ ಗಾಳಿ ಹೋದರೆ ಆಚೆ ಟಾಕೀಸಿನಲ್ಲಿ ನಾಯಕ ಹಾರಿದ ಬಂಡೆಯಿಂದ ಕೆಳಗೆ ಬರಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಇದು ಮೊದಲನೆಯ ಕಾರಣ. ಹಾಗೆ ತಡವಾದಾಗಲೆಲ್ಲ ಮ್ಯಾನೇಜರಿಗೆ ಅವನು ಒಪ್ಪಿಸುತ್ತಿದ್ದ ಕತೆಗಳು ಎರಡನೆಯ ಕಾರಣ. ಮೊದಲ ಸಲ ದಾರಿಗೆ ನಾಯಿ ಅಡ್ಡ ಬಂದಿತ್ತು, ಮುಂದಿನ ಸಲ ಕುದುರೆ, ಆಮೇಲೆ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಒಂಟೆ. ರೀಲು ಹೊರುವವನು ರೀಲು ಬಿಡದೆ ಇರುವುದು ಹೇಗೆ ಎಂದು ಮ್ಯಾನೇಜರೂ ಸುಮ್ಮನಾದರು.

ಟಾಕೀಸುಗಳೆರಡೂ ಮುಚ್ಚಿದವು. ಒಂದು ಮದುವೆ ಛತ್ರವಾಯಿತು, ಇನ್ನೊಂದನ್ನು ಕೆಡವಿ ವಾಹನ ನಿಲ್ಲಿಸುವ ಬಯಲು ಮಾಡಿದರು. ರೀಲಣ್ಣ ಅಲ್ಲಿ ಇಲ್ಲಿ ಹತ್ತು ಕೆಲಸ ಹಿಡಿದು, ಹನ್ನೊಂದು ಕೆಲಸ ಬಿಟ್ಟ. (ಹನ್ನೊಂದನೆಯದನ್ನು ಸೇರುವ ಮೊದಲೇ ಬಿಟ್ಟಿದ್ದ.) ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ಒಂದು ಹೋಟೆಲು ನೋಡಿದ. ಎಲ್ಲೋ ದೂರದ್ದು. ಒಳಗೆಲ್ಲ ಹಳೆಯ ಸಿನಿಮಾದ ಪೋಸ್ಟರು, ಹರಿದ ಟಾಕೀಸು ಕುರ್ಚಿ, ಗೋಡೆಯಲ್ಲಿ ಬಿರುಕು. ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಅದಕ್ಕೆ ರೆಟ್ರೋ ಅನ್ನುತ್ತಾರೆಂದು ಕೆಳಗೆ ಬರೆದಿತ್ತು.

"ನಮ್ಮನೇಲಿ ಎಲ್ಲಾ ಹರಿದೇ ಇದೆಯಲ್ಲೇ. ಇಷ್ಟು ವರ್ಷ ನಾವು ರೆಟ್ರೋ ಆಗಿದ್ದು ನಮಗೇ ಗೊತ್ತಿರಲಿಲ್ಲ," ಅಂದ ಹೆಂಡತಿಗೆ.

"ರೆಟ್ರೋನೋ ಪೆಟ್ರೋಲೋ, ಬೆಂಕಿ ಹತ್ತದ ಹಾಗೆ ನೋಡ್ಕೊಳ್ಳಿ," ಅಂದಳು ಹೆಂಡತಿ. ಆದರೂ ಅಡುಗೆ ಅವಳೇ ಮಾಡುವುದೆಂದು ನಿಶ್ಚಯವಾಯಿತು, ಏಕೆಂದರೆ ಬೇರೆ ಯಾರೂ ಸಿಗಲಿಲ್ಲ.

ಜಾಗ ಮಾವನವರದು. ಅವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಮಾತನ್ನೂ ತೂಗಿಯೇ ಆಡುತ್ತಿದ್ದರು. ಎದುರಿಗಿದ್ದವರ ಪಾಲಿಗೆ ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು. ಮನೆಯ ಕೆಳಗಿದ್ದ ಉಗ್ರಾಣದ ಬೀಗದ ಕೈಯನ್ನು ಅಳಿಯನ ಅಂಗೈ ಮೇಲಿಟ್ಟು, ಭಾರ ನೋಡುವವರಂತೆ ಒಂದು ಕ್ಷಣ ತಡೆದು, "ಅಳಿಯಂದ್ರೆ, ನಿಮ್ಮ ವಿಷಯ ನನಗೆ ಗೊತ್ತು. ನನ್ನ ಜಾಗದಲ್ಲಿ ಒಂದು ಸುಳ್ಳು ಸಿಕ್ಕಿದ ದಿನ, ಈ ಕೈ ವಾಪಸ್ ನನ್ನ ಕೈಗೆ," ಅಂದರು.

ರೀಲಣ್ಣ ಒಪ್ಪಿದ. ಒಪ್ಪಿದ ಮೇಲೆ ನೆನಪಾಯಿತು, ರೆಟ್ರೋ ಹೋಟೆಲಿನಲ್ಲಿ ಸುಳ್ಳಲ್ಲದ್ದು ಅಂದರೆ ಊಟ ಒಂದೇ ಎಂದು.

ಸಿನಿಮಾ ಸೆಟ್ಟುಗಳಿಗೆ ಬಣ್ಣ ಬಳಿಯುತ್ತಿದ್ದ ಪೇಂಟರೊಬ್ಬ ಬಂದು, ಹೊಸದಾಗಿ ಗಾರೆ ಮಾಡಿಸಿದ ಗೋಡೆಯ ಮೇಲೆ ಕುಂಚದಿಂದ ಬಿರುಕು ಬಿಡಿಸಿದ, ಸೋರಿದ ಕಲೆ ಬಿಡಿಸಿದ, ಅಂಟಿನಲ್ಲಿ ಜೇಡರ ಬಲೆ ಎಳೆದ. ಮರುದಿನ ಬೆಳಿಗ್ಗೆ ರೀಲಣ್ಣನ ಹೆಂಡತಿ ಇಷ್ಟೊಂದು ಕೊಳೆಯೇ ಎಂದು ಬ್ರಷ್ಷು ಹಾಕಿ ಉಜ್ಜಿದಳು. ಒಂದು ಬಕೆಟ್ ನೀರಿಗೆ ನಲವತ್ತು ವರ್ಷ ತೊಳೆದುಹೋಯಿತು. ಪೇಂಟರ್ ಮತ್ತೆ ಬಂದು ಗೋಡೆಗೆ ವಯಸ್ಸು ತುಂಬಿ, ಅಮ್ಮಾವ್ರು ಒಳಗೇ ಇದ್ದರೆ ಒಳ್ಳೇದು ಎಂದು ಹೇಳಿ ಹೋದ. ಮಾವನವರು ಬಂದು ಬಿರುಕಿನ ಮೇಲೆ ಬೆರಳಾಡಿಸಿ, ಇದು ಬಣ್ಣ, ಬಣ್ಣ ಅಂತ ಯಾರಿಗೂ ಗೊತ್ತಾಗುತ್ತೆ, ಆದ್ದರಿಂದ ಇದು ಸುಳ್ಳಲ್ಲ, ಅಲಂಕಾರ ಎಂದು ತೀರ್ಪು ಕೊಟ್ಟರು.

ತಿಂಡಿಗಳಿಗೂ ಸಿನಿಮಾ ಹೆಸರೇ. ಖಾರ ಹೆಚ್ಚಿದ್ದ ಸೂಪಿಗೆ ವಿಲನ್ ಸೂಪು, ಅರ್ಧ ಲೋಟಕ್ಕೆ ಇಂಟರ್ವಲ್ ಕಾಫಿ, ಈರುಳ್ಳಿ ಜಾಸ್ತಿ ಹಾಕಿದ್ದಕ್ಕೆ ಫ್ಲ್ಯಾಶ್‌ಬ್ಯಾಕ್ ಆಮ್ಲೆಟ್ – ತಿಂದ ಎರಡು ಗಂಟೆಯ ಮೇಲೆ ಅದು ತಾನಾಗಿ ನೆನಪಿಗೆ ಬರುತ್ತಿತ್ತು.

ಕೊನೆಗೆ ಬೋರ್ಡು. ಹಳೆಯ ಟಾಕೀಸಿನಂತೆ ಕೆಂಪು ದೀಪದ ಅಕ್ಷರಗಳಲ್ಲಿ "ಹಳೆ ಸಿನಿಮಾದ ಊಟ" ಎಂದು ಬರೆಸಿದ. ಹಳೇ ಬೋರ್ಡು ಅಂದಮೇಲೆ ಒಂದೆರಡು ಅಕ್ಷರ ಆಗಾಗ ಕಣ್ಣು ಮುಚ್ಚಬೇಕಲ್ಲವೇ? ಎಲೆಕ್ಟ್ರಿಷಿಯನ್ ಮೂರು ದೀಪಗಳನ್ನು ಹತ್ತು ಸೆಕೆಂಡಿಗೊಮ್ಮೆ ಆರುವಂತೆ ಜೋಡಿಸಿದ: "ನಿ" ಒಂದು, "ಮಾ" ಒಂದು, "ಳೆ" ಅಕ್ಷರದ ತಲೆಯ ಮೇಲಿನ ಎತ್ವ ಒಂದು.

ಮೂರು ಸಂಜೆ ಕಳೆದರೂ ಒಳಗೆ ನೊಣವೂ ಬರಲಿಲ್ಲ. ಜನ ಬಾಗಿಲವರೆಗೆ ಬರುತ್ತಿದ್ದರು, ತಲೆ ಎತ್ತಿ ನೋಡುತ್ತಿದ್ದರು, ಹತ್ತು ಸೆಕೆಂಡು ನಿಂತು ರಸ್ತೆ ದಾಟುತ್ತಿದ್ದರು. ನಾಲ್ಕನೆಯ ಸಂಜೆ ಎದುರು ಅಂಗಡಿಯ ದರ್ಜಿ ಅವನನ್ನು ಕೈಸನ್ನೆ ಮಾಡಿ ಕರೆದ. ದರ್ಜಿಯ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಪಿನ್ನು ಇರುತ್ತಿದ್ದವು. ಮಾತು ಅವುಗಳ ಸಂದಿಯಿಂದಲೇ ಹೊರಬರಬೇಕು.

"ರೀಲಣ್ಣ, ಇಲ್ಲಿಂದ ಓದು."

ರೀಲಣ್ಣ ಓದಿದ. ದೀಪ ಆರಿತು. ಅಲ್ಲಿ ಉಳಿದದ್ದು: "ಹಳಸಿದ ಊಟ."

"ವ್ಯಾಪಾರದಲ್ಲಿ ಇಷ್ಟು ಪ್ರಾಮಾಣಿಕತೆ ಒಳ್ಳೇದಲ್ಲ," ಅಂದ ದರ್ಜಿ.

ಬೋರ್ಡನ್ನು ಆ ಕ್ಷಣವೇ ಸರಿಪಡಿಸಿದ್ದಾಯಿತು. ಆದರೆ ಬಾಯಿಂದ ಬಾಯಿಗೆ ಹತ್ತಿದ ಹೆಸರಿಗೆ ಸ್ವಿಚ್ಚು ಎಲ್ಲಿದೆ? ಬಂದ ನಾಲ್ಕು ಜನರೂ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, ಇದು ಇವತ್ತಿನದಾ ಅಥವಾ ಥೀಮಿನದಾ ಎಂದು ಕೇಳುತ್ತಿದ್ದರು. ಹೋಟೆಲಿಗೆ ಸ್ವಲ್ಪ ಮಾನ ತರುವುದು ಹೇಗೆ ಎಂದು ರೀಲಣ್ಣ ಸೆಟ್ಟಿನ ಪೇಂಟರನ್ನೇ ಕೇಳಿದ. ಅವನು ಗೋಡೆಯನ್ನೊಮ್ಮೆ ನೋಡಿ, "ಸಾರ್, ಹಳೇ ಹೋಟ್ಲು ಅಂದ್ಮೇಲೆ ಯಾರಾದ್ರೂ ಒಬ್ಬರು ಸತ್ತಿರಬೇಕು. ಸ್ಥಾಪಕರ ಫೋಟೋ ಇಲ್ಲದ ಹಳೇ ಹೋಟ್ಲು ಎಲ್ಲಿದೆ?" ಅಂದ.

ಸಿನಿಮಾದವರಿಗೆ ಸಾಮಾನು ಬಾಡಿಗೆಗೆ ಕೊಡುವ ಗೋದಾಮಿನಲ್ಲಿ ಫೋಟೋಗಳಿಗೇ ಒಂದು ಗೋಡೆಯಿತ್ತು. ಚೀಟಿ ಅಂಟಿಸಿದ್ದರು: ಕಳೆದುಹೋದ ತಮ್ಮ, ಮೋಸ ಹೋದ ಯಜಮಾನ, ಸತ್ತ ತಂದೆ – ಸಣ್ಣ ಸೈಜು, ಸತ್ತ ತಂದೆ – ದೊಡ್ಡ ಸೈಜು. ರೀಲಣ್ಣ ದೊಡ್ಡ ಸೈಜಿನ ಒಬ್ಬರನ್ನು ಆರಿಸಿದ. ಕಪ್ಪು ಚೌಕಟ್ಟು, ಹುರಿಮೀಸೆ, ಬಲಗೆನ್ನೆಯ ಮೇಲೆ ಉದ್ದಿನ ಕಾಳಿನಷ್ಟು ಮಚ್ಚೆ, ನಿಮ್ಮ ತಪ್ಪೆಲ್ಲ ಗೊತ್ತಿದ್ದೂ ಕ್ಷಮಿಸಿದ್ದೇನೆ ಎನ್ನುವಂಥ ನೋಟ. ಅದೃಷ್ಟದ ಫೋಟೋ, ಇವರು ಸತ್ತ ಸಿನಿಮಾಗಳೆಲ್ಲ ನೂರು ದಿನ ಓಡಿವೆ ಎಂದು ಗೋದಾಮಿನವನು ಭರವಸೆ ಕೊಟ್ಟ.

ಫೋಟೋ ಗಲ್ಲಾದ ಮೇಲಿನ ಗೋಡೆಯಲ್ಲಿ ಕೂತಿತು. ಕೆಳಗೆ "ಸ್ಥಾಪಕರು" ಎಂಬ ಫಲಕ. ಅಂದು ಸಂಜೆಯೇ ಮಾವನವರು ಬಂದರು, ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಯಾರು ಇವರು?"

ಬಾಡಿಗೆ ಫೋಟೋ ಅಂದಿದ್ದರೆ ಅದೂ ಅಲಂಕಾರದ ಲೆಕ್ಕಕ್ಕೆ ಹೋಗುತ್ತಿತ್ತೇನೋ. ಆದರೆ ಆ ಹೊತ್ತಿಗೆ ಒಳಗೆ ಇಬ್ಬರು ಗಿರಾಕಿಗಳು ಕಿವಿ ನಿಮಿರಿಸಿ ಕೂತಿದ್ದರು, ರೀಲಣ್ಣನ ನಾಲಗೆಗೆ ಹಳೆಯ ಸೈಕಲ್ಲು ಸಿಕ್ಕಿತು.

"ನಮ್ಮ ದೊಡ್ಡಪ್ಪ. ಆ ಬಯಲಿನ ಜಾಗದಲ್ಲಿ ಟಾಕೀಸಿತ್ತಲ್ಲ, ಅದರ ಪಕ್ಕದಲ್ಲೇ ಅವರ ಹೋಟ್ಲು. ಎಂಥೆಂಥ ನಟರು ಅವರ ಕೈಯೂಟ ಉಂಡಿದ್ದಾರೆ."

"ಇಪ್ಪತ್ತೆರಡು ವರ್ಷದಲ್ಲಿ ನೀವು ಈ ದೊಡ್ಡಪ್ಪನ ಹೆಸರೆತ್ತಿಲ್ಲ. ಮದುವೆಗೂ ಬಂದಿರಲಿಲ್ಲ."

"ಬರೋಣ ಅಂತಲೇ ಇದ್ರು ಮಾವ. ಅಷ್ಟರಲ್ಲಿ ತೀರಿಕೊಂಡ್ರು."

ಮಾವನವರು ವಿಚಾರಿಸ್ತೀನಿ ಎಂದಷ್ಟೇ ಹೇಳಿ, ಬೀಗದ ಕೈ ತೂಗುಹಾಕಿದ್ದ ಮೊಳೆಯ ಕಡೆ ಒಮ್ಮೆ ನೋಡಿ, ಹೊರನಡೆದರು. ನೇರವಾಗಿ ದರ್ಜಿಯ ಅಂಗಡಿಗೆ ಹೋಗಿದ್ದು ಕಿಟಕಿಯಿಂದ ಕಂಡಿತು. ರೀಲಣ್ಣ ಒಲೆಯ ಪಕ್ಕ ಹೋಗಿ ಹೆಂಡತಿಗೆ ಸಾಮಾನು ಕಟ್ಟಲು ಹೇಳಿದ.

ದರ್ಜಿಯನ್ನು ಹಿಂದಿಟ್ಟುಕೊಂಡು ಮಾವನವರು ವಾಪಸಾದರು. ದರ್ಜಿ ಫೋಟೋ ಮುಂದೆ ನಿಂತ. ಒಂದೊಂದಾಗಿ ಐದೂ ಗುಂಡುಪಿನ್ನುಗಳನ್ನು ಬಾಯಿಂದ ತೆಗೆದು ಕಾಲರಿಗೆ ಚುಚ್ಚಿಕೊಂಡ. ಅವನು ಹಾಗೆ ಮಾಡಿದ್ದನ್ನು ಬೀದಿಯವರು ಯಾರೂ ನೋಡಿರಲಿಲ್ಲ.

"ಅಯ್ಯೋ, ಇವರಾ," ಅಂದ. "ಇವರು ನನಗೆ ಗೊತ್ತಿಲ್ವಾ. ಇವರ ಮುಂದೆ ನಿಂತು ಎಷ್ಟು ಸಲ ಅತ್ತಿದೀನಿ."

ಇಲ್ಲಿ ಓದುಗರಿಗೊಂದು ಮಾತು ಹೇಳಬೇಕು. ಸಿನಿಮಾದಲ್ಲಿ ಸತ್ತ ತಂದೆಯ ಫೋಟೋವನ್ನು ಯಾರೂ ನೋಡುವುದಿಲ್ಲ. ಅದರ ಮುಂದೆ ನಿಂತು ಅಳುವವಳನ್ನು ನೋಡುತ್ತಾರೆ. ಆದರೆ ಮೂವತ್ತು ಸಿನಿಮಾಗಳ ಹಿನ್ನೆಲೆಯಿಂದ ಒಂದೇ ಮೀಸೆ ನಿಮ್ಮನ್ನು ಕ್ಷಮಿಸುತ್ತಾ ಬಂದರೆ ಆ ಮುಖ ಮನಸ್ಸಿನಲ್ಲಿ ಎಲ್ಲೋ ಒಂದು ಕೋಣೆ ಹಿಡಿದು ಕೂರುತ್ತದೆ. ಕಂಡದ್ದು ಎಲ್ಲಿ ಎಂದು ಮರೆಯುತ್ತದೆ. ಕಂಡದ್ದು ನಿಜವೆಂದು ಮಾತ್ರ ನೆನಪಿರುತ್ತದೆ.

ಮಿಕ್ಕದ್ದನ್ನು ಬೀದಿ ನೋಡಿಕೊಂಡಿತು. ಮೂಲೆಯ ಕ್ಷೌರದಂಗಡಿಯವನು ಆ ಮೀಸೆಗೆ ಆಕಾರ ಕೊಟ್ಟದ್ದು ತನ್ನ ಅಪ್ಪ ಎಂದ. ಹಸಿದು ಬಂದವರನ್ನು ದೊಡ್ಡಪ್ಪ ಬರಿಗೈಯಲ್ಲಿ ಕಳಿಸಿದ್ದೇ ಇಲ್ಲ ಎಂದು ಒಬ್ಬರು, ಒಮ್ಮೆ ತಮ್ಮನ್ನು ಕತ್ತು ಹಿಡಿದು ಆಚೆ ನೂಕಿದ್ದರೆಂದು ಇನ್ನೊಬ್ಬರು ಅಷ್ಟೇ ಪ್ರೀತಿಯಿಂದ ನೆನೆದರು. ನೆನೆಯುವುದಕ್ಕೆ ಹೋಟೆಲಿಗೇ ಬರಬೇಕು, ಬಂದ ಮೇಲೆ ಏನಾದರೂ ತಿನ್ನಬೇಕು. ಕುರ್ಚಿಗಳು ತುಂಬಿದವು. ಹಳಸಿದ ಊಟದ ಮಾತು ಹಳಸಿಹೋಯಿತು.

ಮಾವನವರು ಮಾತ್ರ ದಿನಾ ಸಂಜೆ ಮೂಲೆಯ ಕುರ್ಚಿಯಲ್ಲಿ ಕೂತು, ಒಬ್ಬೊಬ್ಬರ ನೆನಪನ್ನೂ ಮನಸ್ಸಿನ ತಕ್ಕಡಿಗೆ ಹಾಕುತ್ತಿದ್ದರು. ಒಂದು ದಿನ ದರ್ಜಿ ಅವರ ಕಡೆ ತಿರುಗಿ ಕೇಳಿಯೇಬಿಟ್ಟ. "ಸಾಹೇಬ್ರೇ, ಮೂವತ್ತು ವರ್ಷ ಈ ಬೀದಿಯ ಒಂದೊಂದು ಅಂಗಡೀನೂ ತಪಾಸಣೆ ಮಾಡಿದೋರು ನೀವು. ನಿಮಗೆ ದೊಡ್ಡಪ್ಪ ಗೊತ್ತಿಲ್ಲ ಅಂದ್ರೆ ಹೇಗೆ? ಅಥವಾ ಆ ಕಡೆ ನೀವು ಡ್ಯೂಟಿಗೇ ಹೋಗ್ಲಿಲ್ವೋ?"

ಚಮಚಗಳು ಸೂಪಿನಲ್ಲೇ ನಿಂತವು. ಮಾವನವರು ಫೋಟೋ ನೋಡಿದರು, ಜನರನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅವರ ತಕ್ಕಡೀಲಿ," ಅಂದರು ನಿಧಾನವಾಗಿ, "ಗುಲಗಂಜಿ ತೂಕದ ವ್ಯತ್ಯಾಸಾನೂ ಇರಲಿಲ್ಲ."

ಬೀದಿ ನಿಟ್ಟುಸಿರುಬಿಟ್ಟಿತು. ರೀಲಣ್ಣನ ತಲೆಯೊಳಗೆ ಮಾತ್ರ ರೀಲು ತಿರುಗುಮುರುಗಾಗಿ ಓಡಿತು. ಮಾವ ಹುಟ್ಟಿದಾರಭ್ಯ ಸುಳ್ಳು ಹೇಳಿದವರಲ್ಲ. ಮಾವ ತಕ್ಕಡಿ ನೋಡಿದ್ದಾರೆ. ತಕ್ಕಡಿ ಇತ್ತು ಅಂದರೆ ಹೋಟೆಲು ಇತ್ತು. ಹೋಟೆಲು ಇತ್ತು ಅಂದರೆ... ಅಂದು ಮನೆಗೆ ಹೋಗಿ ಹೆಂಡತಿಯನ್ನು ಕೇಳಿದ, ನಮಗೆ ನಿಜವಾಗ್ಲೂ ಒಬ್ಬರು ದೊಡ್ಡಪ್ಪ ಇದ್ರಾ?

"ನಿಮಗೆ ಬುದ್ಧಿ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಆಮೇಲೆ ದೊಡ್ಡಪ್ಪನ್ನ ಹುಡುಕೋಣ," ಅಂದಳು ಅವಳು.

ಸುದ್ದಿ ವಾರ್ಡಿನ ಸದಸ್ಯರಿಗೆ ಮುಟ್ಟಿತು. ಬಯಲಿನ ಮುಂದಿನ ವೃತ್ತಕ್ಕೆ ಯಾರ ಹೆಸರಿಡಬೇಕೆಂದು ಎರಡು ಪಂಗಡಗಳು ಎರಡು ವರ್ಷದಿಂದ ಜಗಳವಾಡುತ್ತಿದ್ದವು. ಸದಸ್ಯರು ಫೋಟೋ ಮುಂದೆ ಕೈಕಟ್ಟಿ ನಿಂತು ಕಣ್ಣು ತುಂಬಿಕೊಂಡರು. ಬಂಧುಗಳೇ ಎನ್ನದೆ ಅವರು ಮನೆಯಲ್ಲಿ ನೀರನ್ನೂ ಕೇಳುತ್ತಿರಲಿಲ್ಲ. "ಬಂಧುಗಳೇ," ಅಂದರು ಒಬ್ಬನೇ ನಿಂತಿದ್ದ ರೀಲಣ್ಣನಿಗೆ, "ಯಾರ ಕಡೆಯವರೂ ಅಲ್ಲದ ಸತ್ತವರು ಇವತ್ತಿನ ಕಾಲದಲ್ಲಿ ಎಲ್ಲಿ ಸಿಗ್ತಾರೆ? ವೃತ್ತಕ್ಕೆ ಇವರ ಹೆಸರೇ. ಬರೋ ಭಾನುವಾರ ಫಲಕ ಉದ್ಘಾಟನೆ."

ಉದ್ಘಾಟನೆಗೆ ಕಾಗದಪತ್ರ ಬೇಕು. ವಾರ್ಡ್ ಕಚೇರಿಯ ಗುಮಾಸ್ತರು "ಸದರಿ" ಎನ್ನದೆ ಕೆಮ್ಮುತ್ತಲೂ ಇರಲಿಲ್ಲ. ಅರ್ಜಿ ಎಳೆದುಕೊಂಡು ಹೆಸರು ಕೇಳಿದರು.

"ದೊಡ್ಡಪ್ಪ."

"ತಮಗೂ ಸದರಿಯವರಿಗೂ ಸಂಬಂಧ?"

"ದೊಡ್ಡಪ್ಪ."

"ಕೇಳಿದ್ದು ಸಂಬಂಧ."

"ಅದೇ ಸಾರ್, ದೊಡ್ಡಪ್ಪ."

ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, ಸದರಿ ದೊಡ್ಡಪ್ಪನವರು ತಮಗೆ ದೊಡ್ಡಪ್ಪನೇ ಆಗತಕ್ಕದ್ದು ಎಂದು ಗೊಣಗಿ ಬರೆದುಕೊಂಡರು. ತಂದೆಯ ಹೆಸರು? ರೀಲಣ್ಣ ತಬ್ಬಿಬ್ಬಾಗಿ, ದೊಡ್ಡಪ್ಪನ ಅಪ್ಪ ಅಂದರೆ ತನಗೆ ಏನಾಗಬೇಕೋ ಅದನ್ನೇ ಹೇಳಿದ. ಅರ್ಜಿಯಲ್ಲಿ ದುಂಡಾದ ಅಕ್ಷರಗಳಲ್ಲಿ ಮೂಡಿತು: ದೊಡ್ಡಪ್ಪ ಬಿನ್ ತಾತ.

ಇನ್ನು ಸದರಿಯವರು ಸತ್ತಿದ್ದಾರೆ ಎಂಬುದಕ್ಕೆ ಪುರಾವೆ. ಅದಿಲ್ಲದೆ ಫಲಕವಿಲ್ಲ, ಬದುಕಿರುವವರ ಹೆಸರನ್ನು ವೃತ್ತಕ್ಕಿಡುವಂತಿಲ್ಲ. ಇಲ್ಲಿಗೆ ಕತೆ ಮುಗಿಯಿತು, ಬೀಗದ ಕೈ ಹೋಯಿತು ಎಂದುಕೊಂಡ ರೀಲಣ್ಣ. ಆದರೆ ಫಲಕಕ್ಕೆ ಸದಸ್ಯರ ಒತ್ತಾಯವಿತ್ತು. ಗುಮಾಸ್ತರು ಧೂಳು ಹಿಡಿದ – ನಿಜವಾದ ಧೂಳು – ರಿಜಿಸ್ಟರು ಬಿಡಿಸಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, "ಹನ್ನೊಂದು ಜನ ದೊಡ್ಡಪ್ಪ ಸತ್ತಿದ್ದಾರೆ. ತಮಗೆ ಯಾವುದು ಬೇಕು?" ಅಂದರು.

ತರಕಾರಿ ಆರಿಸಿಯೂ ಗೊತ್ತಿಲ್ಲದ ರೀಲಣ್ಣ ತೊದಲಿದ. "ಸ್ವಲ್ಪ ಹಳೇದು ಕೊಡಿ ಸಾರ್."

ಶುಕ್ರವಾರ ಮಧ್ಯಾಹ್ನ ಹೋಟೆಲಿಗೆ ಒಬ್ಬರು ಮುದುಕರು ಬಂದರು. ಇಸ್ತ್ರಿ ಮಾಡಿದ ಅಂಗಿ, ಒಳಗೆ ಕಡ್ಡಿಯಂಥ ಮೈ. ಗಲ್ಲಾದ ಎದುರಿನ ಕುರ್ಚಿಯಲ್ಲಿ ಕೂತು, ಇಂಟರ್ವಲ್ ಕಾಫಿ ಹೇಳಿ, ಅದು ಆರುವವರೆಗೂ ಗೋಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಫೋಟೋ ನಂದು," ಅಂದರು.

ಗೋದಾಮಿನವರು ವಾಪಸ್ ಕೇಳಲು ಕಳಿಸಿದ್ದಾರೆಂದು ತಿಳಿದ ರೀಲಣ್ಣ, ಭಾನುವಾರ ಮುಗಿಯಲಿ, ಸೋಮವಾರ ನಾನೇ ಒರೆಸಿ ತಂದುಕೊಡುತ್ತೇನೆ ಎಂದ. ಮುದುಕರು ತಲೆಯಾಡಿಸಿ ಬಲಗೆನ್ನೆಯನ್ನು ಬೆಳಕಿಗೆ ತಿರುಗಿಸಿದರು. ಮೀಸೆ ಹೋಗಿತ್ತು, ಕೆನ್ನೆ ಇಳಿದಿತ್ತು. ಉದ್ದಿನ ಕಾಳು ಇದ್ದಲ್ಲೇ ಇತ್ತು.

ರೀಲಣ್ಣ ನಿಂತಲ್ಲೇ ಕೂತ. ಕುರ್ಚಿ ಅಲ್ಲಿರಲಿಲ್ಲ.

ಅವನನ್ನು ಎಬ್ಬಿಸಿ ಕೂರಿಸಿದ್ದು ಮುದುಕರೇ. ಅವರಿಗೆ ಕೋಪವೇನೂ ಇದ್ದಂತಿರಲಿಲ್ಲ. ಮೂವತ್ತೆರಡು ಸಿನಿಮಾ ಮಾಡಿದ್ದೇನೆ, ಮೂವತ್ತೆರಡರಲ್ಲೂ ಸಿನಿಮಾ ಶುರುವಾಗುವ ಮೊದಲೇ ಸತ್ತಿದ್ದೇನೆ ಎಂದರು. ನಟನಾಗಬೇಕೆಂದು ಸ್ಟುಡಿಯೋ ಬಾಗಿಲಿಗೆ ಹೋದ ದಿನ ಯಾರೋ ಹಿಡಿದು ನಿಲ್ಲಿಸಿ ಒಂದು ಫೋಟೋ ತೆಗೆದರು. ಆಮೇಲೆ ಫೋಟೋಗೇ ಬೇಡಿಕೆ ಬಂತು. ಅವರು ಬಂದರೂ ಬರದಿದ್ದರೂ ನಡೆಯುತ್ತಿತ್ತು. ಒಂದೇ ಒಂದು ಸಿನಿಮಾದಲ್ಲಿ ಬಿರುಗಾಳಿಗೆ ಫೋಟೋ ಗೋಡೆಯಿಂದ ಕೆಳಗೆ ಬೀಳುತ್ತದೆ. "ಅದು ನನ್ನ ಫೈಟಿಂಗ್ ಸೀನು," ಅಂದರು ಮುದುಕರು. ಮನೆಯಲ್ಲಿ ಹೆಂಡತಿ ಕೊನೆಯವರೆಗೂ ಕೇಳುತ್ತಿದ್ದಳಂತೆ, ನಿಮಗೆ ಮಾತು ಯಾವಾಗ ಕೊಡುತ್ತಾರೆ ಎಂದು.

ರೀಲಣ್ಣನ ಹೆಂಡತಿ ಒಲೆ ಆರಿಸಿ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು. ಇವರು ಬದುಕಿದ್ದಾರೆಂದು ಭಾನುವಾರದೊಳಗೆ ಯಾರಿಗಾದರೂ ತಿಳಿದರೆ ಸದಸ್ಯರು ಬಿಡುವುದಿಲ್ಲ, ಗುಮಾಸ್ತರು ಬಿಡುವುದಿಲ್ಲ, ಅಪ್ಪನಂತೂ ಬೀಗ ಹಾಕಿಯೇ ಉಸಿರುಬಿಡುವುದು. ರೀಲಣ್ಣ ಎದ್ದು ಎರಡು ಸುತ್ತು ನಡೆದ. ಮೂರನೆಯ ಸುತ್ತಿಗೆ ಹಳೆಯ ಸೈಕಲ್ಲಿನ ಬೆಲ್ಲು ಹೊಡೆಯಿತು.

"ಡಬಲ್ ಆ್ಯಕ್ಟಿಂಗ್," ಅಂದ. "ತಾತ, ನೀವು ದೊಡ್ಡಪ್ಪನ ತಮ್ಮ. ನನಗೆ ಚಿಕ್ಕಪ್ಪ. ಹೋಲಿಕೆ ಇರೋದು ಸಹಜ."

ಮುದುಕರು ಒಂದೇ ಪ್ರಶ್ನೆ ಕೇಳಿದರು. "ಡೈಲಾಗ್ ಇದೆಯಾ?"

ಇತ್ತು. ರೀಲಣ್ಣ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟ: ನಮ್ಮಣ್ಣ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾರೆ. ಮುದುಕರು ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಶುಕ್ರವಾರ ಸಂಜೆ ಅಡುಗೆಮನೆಯ ಮೂಲೆಯಲ್ಲಿ ದುಃಖದಿಂದ ಹೇಳಿದರು, ಶನಿವಾರ ಬೆಳಿಗ್ಗೆ ಗಾಂಭೀರ್ಯದಿಂದ, ಮಧ್ಯಾಹ್ನ "ಎಲ್ಲೂ" ಮೇಲೆ ಒತ್ತು ಕೊಟ್ಟು, ಸಂಜೆ "ಇಲ್ಲೇ" ಮೇಲೆ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದುದರಿಂದ ಪ್ರತಿ ಸಲವೂ ಪ್ರೇಕ್ಷಕರ ಕಣ್ಣಲ್ಲಿ ನೀರು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ವೃತ್ತದಲ್ಲಿ ಬಟ್ಟೆ ಮುಚ್ಚಿದ ಫಲಕ, ವೇದಿಕೆ, ಮೈಕು, ಕುರ್ಚಿಗಳು. ಹೋಟೆಲಿನ ಗೋಡೆಯಿಂದ ಇಳಿಸಿ ತಂದ ಫೋಟೋವನ್ನು ವೇದಿಕೆಯ ನಡುವೆ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ಮಾವನವರು. ಸದಸ್ಯರು ಮುಕ್ಕಾಲು ಗಂಟೆ ಮಾತಾಡಿದರು. ದೊಡ್ಡಪ್ಪ ತಮ್ಮನ್ನು ಎತ್ತಿ ಆಡಿಸಿದ್ದನ್ನು ನೆನೆದು ಎರಡು ಸಲ ಗದ್ಗದಿತರಾದರು. ಫಲಕದ ಬಟ್ಟೆ ಸರಿಯಿತು. ಆಮೇಲೆ ಗುಮಾಸ್ತರು, ಸದರಿ ದೊಡ್ಡಪ್ಪನವರ ಸದರಿ ಸಹೋದರರಾದ ಚಿಕ್ಕಪ್ಪನವರು ಈಗ ಎರಡು ಮಾತಾಡತಕ್ಕದ್ದು ಎಂದರು.

ಮುದುಕರು ಮೈಕಿನ ಮುಂದೆ ನಿಂತರು. ಫೋಟೋ ಅವರ ಪಕ್ಕದಲ್ಲೇ ಇತ್ತು. ಮುನ್ನೂರು ಕಣ್ಣುಗಳು ಅವರ ಮೇಲೆ ನೆಟ್ಟವು.

ಜೀವಮಾನದಲ್ಲಿ ಮೊದಲ ಸಲ ಜನ ತನ್ನನ್ನು ನೋಡುತ್ತಿದ್ದಾರೆ ಎಂದು ಅರಿವಾದೊಡನೆ ಅವರ ಮೈ ಗೊತ್ತಿದ್ದ ಕೆಲಸವನ್ನೇ ಮಾಡಿತು. ಗದ್ದ ಸ್ವಲ್ಪ ಮೇಲಕ್ಕೆ ಹೋಯಿತು, ಕಣ್ಣು ಎಲ್ಲರನ್ನೂ ಕ್ಷಮಿಸಿತು, ಮುದುಕರು ಫೋಟೋ ಆದರು.

ಅರ್ಧ ನಿಮಿಷವಾಯಿತು. ರೆಪ್ಪೆಯೂ ಅಲುಗಲಿಲ್ಲ. ರೀಲಣ್ಣ ಕೆಳಗಿನಿಂದ ನಮ್ಮಣ್ಣ, ನಮ್ಮಣ್ಣ ಎಂದು ಪಿಸುಗುಟ್ಟಿದ. ಗುಮಾಸ್ತರು ಕಾರ್ಯಕ್ರಮ ಪಟ್ಟಿ ತಿರುವಿ ನೋಡಿ, ಮೌನಾಚರಣೆ ಕೊನೆಗಿತ್ತಲ್ಲ, ಮುಂಚೆಯೇ ಶುರುವಾಯಿತು ಎಂದುಕೊಂಡು ಧಡಕ್ಕನೆ ಎದ್ದು ನಿಂತರು. ಅವರನ್ನು ನೋಡಿ ಸದಸ್ಯರು ಎದ್ದರು. ಸದಸ್ಯರನ್ನು ನೋಡಿ ಇಡೀ ಸಭೆ ಎದ್ದಿತು. ಎರಡು ನಿಮಿಷ ಕಳೆಯಿತು, ನಾಲ್ಕು ಕಳೆಯಿತು. ಮೊದಲು ಕೂತವರು ಕಡಿಮೆ ದುಃಖದವರು ಎಂದಾಗುತ್ತದಲ್ಲ, ಯಾರೂ ಕೂರಲಿಲ್ಲ. ಐದನೆಯ ನಿಮಿಷದಲ್ಲಿ ದರ್ಜಿಯ ಬಾಯಿಂದ ಒಂದು ಗುಂಡುಪಿನ್ನು ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಮುದುಕರಿಗೆ ಎಚ್ಚರವಾಯಿತು. ಚೀಟಿಯ ಮಾತು ತಲೆಯಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಗೊತ್ತಿದ್ದ ಒಂದೇ ಮಾತನ್ನು ಆಡಿದರು.

"ನಾನು ಸತ್ತಿಲ್ಲ."

ರೀಲಣ್ಣ ಕಣ್ಣು ಮುಚ್ಚಿಕೊಂಡ.

ಚಪ್ಪಾಳೆ ಗುಡುಗಿತು. ಸದಸ್ಯರು ಮೈಕಿಗೆ ಬಾಗಿ ವಿವರಿಸಿದರು. "ಬಂಧುಗಳೇ, ಎಂಥ ಮಾತು. ದೊಡ್ಡಪ್ಪ ತಮ್ಮನ ಬಾಯಲ್ಲಿ ಮಾತಾಡ್ತಿದ್ದಾರೆ. ಅವರು ಸತ್ತಿಲ್ಲ, ನಮ್ಮೆಲ್ಲರಲ್ಲೂ ಬದುಕಿದ್ದಾರೆ."

ಚಪ್ಪಾಳೆಯ ರುಚಿ ಮೊದಲ ಸಲ ಕಂಡ ಮುದುಕರು ಇನ್ನೊಂದು ಹೆಜ್ಜೆ ಮುಂದೆ ಬಂದರು.

"ಆ ಫೋಟೋದಲ್ಲಿರೋದು ನಾನೇ."

ಹೆಂಗಸರು ಕಣ್ಣೊರೆಸಿಕೊಂಡರು. ಅಣ್ಣತಮ್ಮಂದಿರು ಅಂದ್ರೆ ಹೀಗಿರಬೇಕು ಎಂದು ಹಿಂದಿನಿಂದ ಯಾರೋ ತಮ್ಮ ತಮ್ಮನನ್ನು ತಿವಿದರು.

"ನಿಜವಾಗ್ಲೂ ನಾನೇ. ಈ ಹೋಟ್ಲು ಗೀ‌ಟ್ಲು ನನಗೇನೂ ಗೊತ್ತಿಲ್ಲ."

"ಎಂಥ ನಿರ್ಲಿಪ್ತತೆ," ಅಂದರು ಸದಸ್ಯರು, ಕರವಸ್ತ್ರ ಹುಡುಕುತ್ತಾ. ಸತ್ಯವನ್ನು ಮೂರು ಸಲ ಮೈಕಿನಲ್ಲಿ ಹೇಳಿದರೂ ಒಬ್ಬರೂ ಸಿಕ್ಕಿಬೀಳದ ಸಭೆ ಅದೊಂದೇ ಇರಬೇಕು.

ಒಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮಾವನವರು ಮುಂದಿನ ಸಾಲಿನಿಂದ ಒಮ್ಮೆ ಫೋಟೋದ ಬಲಗೆನ್ನೆ ನೋಡಿದರು, ಒಮ್ಮೆ ಮುದುಕರ ಬಲಗೆನ್ನೆ. ಮಣದ ತೂಕದಲ್ಲಿ ಗುಲಗಂಜಿ ಹಿಡಿಯುವ ಕಣ್ಣಿಗೆ ಒಂದು ಉದ್ದಿನ ಕಾಳು ಎಷ್ಟರದು.

ಸಭೆ ಮುಗಿದ ಮೇಲೆ ರೀಲಣ್ಣ ಹೋಟೆಲಿಗೆ ಓಡಿದ. ಮೊಳೆಯಿಂದ ಬೀಗದ ಕೈ ತೆಗೆದ. ಮೂಲೆಯ ಕುರ್ಚಿಯಲ್ಲಿ ಆಗಲೇ ಬಂದು ಕೂತಿದ್ದ ಮಾವನ ಮುಂದೆ ನಿಂತು, ತಲೆ ತಗ್ಗಿಸಿ, ಜೀವಮಾನದಲ್ಲಿ ಮೊದಲ ಸಲ ಪ್ರಾಣಿಗಳಿಲ್ಲದ ಕತೆ ಹೇಳಿದ. ಗೋದಾಮು, ಚೀಟಿ, ಹನ್ನೊಂದು ದೊಡ್ಡಪ್ಪಂದಿರು, ಎಲ್ಲ. ಹೇಳಿ ಮುಗಿಸಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

ಮಾವನವರು ಕೈಯನ್ನು ಎತ್ತಿ ಅಂಗೈಯಲ್ಲಿ ಭಾರ ನೋಡಿದರು. ಬಹಳ ಹೊತ್ತು ನೋಡಿದರು.

"ಅಳಿಯಂದ್ರೆ, ನಿಮ್ಮದು ಒಂದು ಫೋಟೋ," ಅಂದರು ಕೊನೆಗೆ. "ನಂದು ಒಂದು ತಕ್ಕಡಿ. ಎರಡೂ ತಟ್ಟೆ ಸಮ ಇದೆ. ಮುಳ್ಳು ನೆಟ್ಟಗೆ ನಿಂತಿದೆ. ಯಾಕೆ ಅಲ್ಲಾಡಿಸ್ತೀರಿ?"

ಹಾಗಂದು ಬೀಗದ ಕೈಯನ್ನು ಮತ್ತೆ ಅಳಿಯನ ಕಡೆ ಸರಿಸಿದರು. ಬಾಗಿಲಲ್ಲಿದ್ದ ಮಗಳು ಏನೂ ಕೇಳಿಸದವಳಂತೆ ಒಳಗೆ ಹೋಗಿ, ಬೇಕೆಂದೇ ಜೋರಾಗಿ ಪಾತ್ರೆ ಸದ್ದು ಮಾಡಿದಳು.

ದೊಡ್ಡಪ್ಪನ ಫೋಟೋ ಮತ್ತೆ ಗೋಡೆ ಏರಿತು. ಚಿಕ್ಕಪ್ಪ ಈಗ ದಿನಾ ಮಧ್ಯಾಹ್ನ ಬಂದು ಅದರ ಕೆಳಗೇ ಕೂತು ಉಣ್ಣುತ್ತಾರೆ, ಕೇಳಿದವರಿಗೆಲ್ಲ ತಮ್ಮ ಡೈಲಾಗು ಹೇಳುತ್ತಾರೆ. ಗಿರಾಕಿಗಳು ಇಬ್ಬರನ್ನೂ ಹೋಲಿಸಿ ನೋಡಿ, ತಮ್ಮ ಪಾಪ ಒಳ್ಳೆಯವರು, ಆದರೆ ಅಣ್ಣನ ಕಳೆಯೇ ಬೇರೆ ಅನ್ನುತ್ತಾರೆ.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಇನ್ನೂ ಗಿರಾಕಿಗಳು ಬರುವ ಮೊದಲೇ ಮಾವನವರು ಒಳಗೆ ಬಂದರು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಚೌಕಟ್ಟು. ಬಿಚ್ಚಿದರೆ, ಹೊಸ ಗಾಜು, ಹೊಳೆಯುವ ಹೊಸ ಫೋಟೋ, ಇನ್ನೂ ಅಂಟಿನ ವಾಸನೆ. ಸ್ಟುಡಿಯೋದಲ್ಲಿ ತಕ್ಕಡಿಯ ಪಕ್ಕ ನಿಂತು ತೆಗೆಸಿಕೊಂಡದ್ದು. ದೊಡ್ಡಪ್ಪನ ಎಡಗಡೆ ಒಂದು ಮೊಳೆಗೆ ಜಾಗ ಇದೆಯಲ್ಲ ಎಂದರು, ಗೋಡೆಯನ್ನು ಮಾತ್ರ ನೋಡುತ್ತಾ.

ಅದರ ಕೆಳಗೆ ಏನೆಂದು ಬರೆಸಬೇಕು, ದೊಡ್ಡಪ್ಪನ ಗೆಳೆಯರು ಅನ್ನೋಣವೇ ಎಂದು ರೀಲಣ್ಣ ಕೇಳಿದ.

ಮಾವನವರ ಮುಖ ಬಿಗಿಯಿತು.

"ಅಳಿಯಂದ್ರೆ, ನನ್ನ ಜಾಗದಲ್ಲಿ ಸುಳ್ಳು ಬೇಡ," ಅಂದರು. ಬಾಗಿಲವರೆಗೆ ಹೋಗಿ, ಹಿಂತಿರುಗಿ, ದನಿ ತಗ್ಗಿಸಿದರು. "ಆ ಪೇಂಟರಿಗೆ ಹೇಳಿ ಸ್ವಲ್ಪ ಹಳೇದು ಮಾಡಿಸಿ, ಸಾಕು."